ಹಳದಿಯ ಮೋಹ ಬಾಗಿಲಾಚೆ ಇರಲಿ

ನೋಡಮ್ಮ, ಚನ್ನಪಟ್ಟಣದವಳು ನೀನು. ಹಾಲೆಮರದ ಗೊಂಬೆಗೆ ಅರಗಿನ ಜೊತೆ ಅರಿಶಿನದ ಹಳದಿ ಏರುವುದನ್ನು ನೋಡುತ್ತಲೇ ಬೆಳೆದೆ. ಈಗ ಅದೇ ಅರಿಶಿನದ ಕರ್ಕ್ಯುಮಿನ್ನನ್ನು ಹೋಲುವ ಅಣುಗಳನ್ನು, ಅಂದರೆ ಅನಲಾಗ್‌ಗಳನ್ನು, ಲ್ಯಾಬಿನಲ್ಲಿ ತಯಾರಿಸಿ, ಶ್ವಾಸಕೋಶದ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುವ ಪ್ರಾಜೆಕ್ಟು ಸಿಕ್ಕಿದೆ ಅಂದೆ. ಸಂತೋಷ. ನನ್ನದು ಒಂದೇ ಮಾತು: ನಿನ್ನ ಅಣುವನ್ನು ಎಲ್ಲರಿಗಿಂತ ಮೊದಲು ನೀನೇ ಅನುಮಾನಿಸು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಈ ಕೆಲಸದಲ್ಲಿ ಆ ಕಾಯಿಲೆ ಬಹು ಬೇಗ ಅಂಟುತ್ತದೆ.

ಅನಲಾಗ್ ಯಾಕೆ ಬೇಕಾಯಿತು ಅನ್ನುವುದು ಮನಸ್ಸಿನಲ್ಲಿರಲಿ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಮೂರು ಪಾಲಿನ ಆಸುಪಾಸು. ಹೊಟ್ಟೆಗೆ ಹೋದದ್ದೂ ರಕ್ತಕ್ಕೆ ಸೇರುವುದು ಅಪರೂಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದಾಗ ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು. ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಅದು ಶೇ 2000ರಷ್ಟು ಏರಿತು. ಕೇಳಲು ದೊಡ್ಡ ಅಂಕಿ. ಇಲ್ಲವೆನ್ನುವಷ್ಟನ್ನು ಎಷ್ಟು ಪಟ್ಟು ಮಾಡಿದರೂ ಸ್ವಲ್ಪವೇ. ಅದೂ ಅಲ್ಲದೆ, ಅಣುವಿನ ನಡುವೆ ಎರಡು ಕಾರ್ಬೊನಿಲ್ ಇರುವ ಜಾಗ ಬೇಗ ಮುರಿಯುತ್ತದೆ. ಒಂದೇ ಕಾರ್ಬೊನಿಲ್ ಉಳಿಸಿ ಗಟ್ಟಿ ಅಣು ಕಟ್ಟುವ ಪ್ರಯತ್ನ ಹುಟ್ಟಿದ್ದು ಹೀಗೆ.

ಇನ್ನು ಪರೀಕ್ಷೆ. ನಿನ್ನ ಕೈಗೆ ಬರುವ ಎ549 ಕೋಶಗಳು 1972ರಲ್ಲಿ 58 ವರ್ಷದ ಒಬ್ಬ ರೋಗಿಯ ಗೆಡ್ಡೆಯಿಂದ ಬಂದವು. ಎಂಟಿಟಿ ಪರೀಕ್ಷೆಯಲ್ಲಿ ಬದುಕಿರುವ ಕೋಶ ಹಳದಿ ದ್ರಾವಣವನ್ನು ನೇರಳೆ ಮಾಡುತ್ತದೆ. ಆದರೆ ಕರ್ಕ್ಯುಮಿನ್ನಿನಂಥ ಅಣುಗಳು ಕೋಶದ ಹಂಗಿಲ್ಲದೆ ತಾವೇ ಅದನ್ನು ನೇರಳೆಗೆ ತಿರುಗಿಸಬಲ್ಲವು. ಆಗ ಸತ್ತದ್ದೂ ಬದುಕಿದಂತೆ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಪ್ರತಿ ಪ್ಲೇಟಿನಲ್ಲೂ ಕೋಶವಿಲ್ಲದ ವೆಲ್‌ಗಳಿಗೆ ಅಣು ಹಾಕಿ ನೋಡು. ಹೋಲಿಕೆಗೆ, ಅಣು ಕರಗಿಸುವ ಡಿಎಂಎಸ್‌ಒ ಮಾತ್ರ ಹಾಕಿದ ವೆಲ್, ಕ್ಯಾನ್ಸರ್ ಔಷಧಿ ಸಿಸ್‌ಪ್ಲಾಟಿನ್ ಹಾಕಿದ ವೆಲ್ ಪಕ್ಕದಲ್ಲೇ ಇರಲಿ. ಕ್ಯಾನ್ಸರ್ ಕೋಶ ಸತ್ತಿತೆಂದು ಹಿಗ್ಗಬೇಡ, ಫಿನಾಯಿಲ್ ಹಾಕಿದರೂ ಸಾಯುತ್ತದೆ. ಅದೇ ಪ್ರಮಾಣಕ್ಕೆ ಎಂಆರ್‌ಸಿ-5ರಂಥ ಆರೋಗ್ಯವಂತ ಶ್ವಾಸಕೋಶದ ಕೋಶ ಉಳಿಯಿತೇ ಅನ್ನುವುದೇ ಪ್ರಶ್ನೆ. ಸೋತ ಅಣುಗಳ ಅಂಕಿಯನ್ನೂ ಥೀಸಿಸ್‌ನಲ್ಲಿ ಬರೆ. ಮುಂದೆ ಬರುವವರಿಗೆ ಒಂದು ವರ್ಷ ಉಳಿದೀತು.

ಇಷ್ಟೆಲ್ಲ ಯಾಕೆ ಹೇಳುತ್ತೇನೆಂದರೆ, 2017ರಲ್ಲಿ ಔಷಧ ರಸಾಯನ ತಜ್ಞರು ಅದುವರೆಗಿನ ಕರ್ಕ್ಯುಮಿನ್ ಸಂಶೋಧನೆಯನ್ನೆಲ್ಲ ಜಾಲಾಡಿದರು. ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ವೈದ್ಯರಿಗೂ ಗೊತ್ತಾಗದಂತೆ ಹುಸಿಮದ್ದಿನ ಜೊತೆ ಹೋಲಿಸಿ ನಡೆಸಿದ ಪ್ರಯೋಗಗಳಲ್ಲಿ ಒಂದೂ ಗೆದ್ದಿರಲಿಲ್ಲ. ಪ್ಲೇಟಿನ ಮೇಲೆ ಗೆದ್ದವೋ, ಬೇಕಾದಷ್ಟಿದ್ದವು.

ಊರಿಗೆ ಬಂದಾಗ ಮಾಗಡಿಯ ಸೋದರತ್ತೆಯೋ ಕನಕಪುರದ ಚಿಕ್ಕಪ್ಪನೋ ‘ಅರಿಶಿನದಲ್ಲಿ ಕ್ಯಾನ್ಸರ್‌ಗೆ ಔಷಧಿ ಕಂಡುಹಿಡಿದಿದ್ದೀಯಂತೆ’ ಅಂತ ಕೇಳಿಯೇ ಕೇಳುತ್ತಾರೆ. ನಾಚಿ ಸುಮ್ಮನಾಗಬೇಡ, ‘ಇಲ್ಲ’ ಅನ್ನು. ಕೆಮ್ಮಿದರೆ ರಕ್ತ ಬೀಳುವವರಿಗೆ ಅರಿಶಿನದ ಹಾಲು ಕುಡಿಸಿ ಮನೆಯಲ್ಲಿ ಕೂರಿಸಬೇಡಿ, ಮೊದಲು ಆಸ್ಪತ್ರೆಗೆ, ಅಗತ್ಯಬಿದ್ದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅನ್ನು. ಹಾಗೇ ಚಿಕ್ಕಪ್ಪನ ಜೇಬಿನ ಬೀಡಿ ಕಟ್ಟು ಕಿತ್ತುಕೊ. ಶ್ವಾಸಕೋಶದ ಮಟ್ಟಿಗೆ ನಿನ್ನ ಯಾವ ಅಣುವೂ ಸದ್ಯಕ್ಕೆ ಅಷ್ಟು ಉಪಕಾರ ಮಾಡಲಾರದು.