ಸೀಮಂತಕ್ಕೆ ಕಾಯಬೇಡ

ಚಿ. ಸೌ. ಅಣ್ಣನ ಮಗಳಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

'ಯುಗಾದಿ ಕಳೀಲಿ ಅತ್ತೆ, ಆಮೇಲೆ ಮಗು ವಿಚಾರ. ಆಗ ಏನೇನು ಮಾಡ್ಬೇಕು ಹೇಳಿ' ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದು ಫೋನಿನಲ್ಲಿ ಮುಗಿಯುವ ಮಾತಲ್ಲ. ನಿನ್ನ ಓರಗೆಯ ಇನ್ನೂ ನಾಲ್ಕು ಜನ ಓದಲಿ ಅಂತ ಪತ್ರಿಕೆಗೇ ಬರೆಯುತ್ತಿದ್ದೇನೆ. ಯುಗಾದಿ ಆದ ಮೇಲೆ ಮಾಡುವುದಕ್ಕಿಂತ ಯುಗಾದಿಗೆ ಮುಂಚೆ ಮಾಡಬೇಕಾದ್ದೇ ಜಾಸ್ತಿ ಇದೆ, ನೋಡು.

ನಮ್ಮ ಮನೆಗಳಲ್ಲಿ ಬಸಿರಿನ ಸಂಭ್ರಮ ಶುರುವಾಗುವುದೇ ಸೀಮಂತಕ್ಕೆ. ಹಸಿರು ಬಳೆ, ಮೊಗ್ಗಿನ ಜಡೆ, ಬಯಕೆ ಊಟ ಎಲ್ಲ ಚೆಂದವೇ, ನಿನಗೂ ನಾನೇ ನಿಂತು ಮಾಡಿಸುತ್ತೇನೆ. ಆದರೆ ಮಗುವಿನ ಅಂಗಾಂಗಗಳು ರೂಪುಗೊಳ್ಳುವ ಕೆಲಸ ಅದಕ್ಕೆ ಎಷ್ಟೋ ಮೊದಲೇ ನಡೆದುಹೋಗಿರುತ್ತದೆ. ಮುಂದೆ ಮೆದುಳು, ಬೆನ್ನುಹುರಿ ಆಗುವ ನರಕೊಳವೆ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳಬೇಕು. ಅಂದರೆ ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ. 'ಆಫೀಸಿನ ಟೆನ್ಷನ್ನಿಗೆ ಡೇಟ್ ಮುಂದೆ ಹೋಗಿರಬೇಕು' ಅಂತ ನೀನಿನ್ನೂ ಅಂದುಕೊಳ್ಳುತ್ತಿರುವ ಹೊತ್ತು ಅದು. ಕೊಳವೆ ಸರಿಯಾಗಿ ಮುಚ್ಚದಿದ್ದರೆ ಮಗು ಬೆನ್ನಿನ ಮೇಲೆ ಗಂಟು ಹೊತ್ತು ಹುಟ್ಟಬಹುದು, ಕಾಲಿಗೆ ಬಲವೇ ಬರದಿರಬಹುದು.

ಇದನ್ನು ಬಹುಮಟ್ಟಿಗೆ ತಡೆಯುವ ಮಾತ್ರೆ ಫೋಲಿಕ್ ಆಸಿಡ್. ಹಿಂದೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರ ಮೇಲೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಮಾಡಿಸಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಗರ್ಭಕ್ಕೆ ಮುಂಚಿನಿಂದಲೇ ಮಾತ್ರೆ ನುಂಗಿದವರಲ್ಲಿ ಈ ದೋಷ ಮರುಕಳಿಸುವುದು ಶೇಕಡಾ 72ರಷ್ಟು ತಗ್ಗಿತ್ತು. ನಿನ್ನಂಥವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆ ಶುರುಮಾಡಿ ಮೊದಲ ಮೂರು ತಿಂಗಳು ಬಿಡದೆ ತೆಗೆದುಕೊಳ್ಳಬೇಕು. ಸಕ್ಕರೆ ಕಾಯಿಲೆಯೋ ಫಿಟ್ಸೋ ಇದ್ದವರಿಗೆ ಡೋಸ್ ಬೇರೆ, ಅದನ್ನು ಡಾಕ್ಟರೇ ಹೇಳಬೇಕು. 'ದಿನಾ ಸೊಪ್ಪು ತಿಂತೀನಲ್ಲ' ಅನ್ನಬೇಡ. ಸೊಪ್ಪು ಬೇಯಿಸಿದಾಗ ಫೋಲೇಟ್ ಬಸಿದ ನೀರಿಗೆ ಇಳಿಯುತ್ತದೆ, ಬಿಸಿಗೆ ಒಂದಷ್ಟು ಹಾಳೂ ಆಗುತ್ತದೆ. ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡಿದ ನಮ್ಮ ಅಜ್ಜಿಯರು ಜಾಣೆಯರೇ, ಆದರೂ ಬಸ್ಸಾರನ್ನು ನಂಬಿಕೊಂಡು ಮಾತ್ರೆ ಬಿಡುವಂತಿಲ್ಲ.

ಇನ್ನು ರಕ್ತ. ನಾನು ಆರೋಗ್ಯ ಉಪಕೇಂದ್ರದಲ್ಲಿ ಕೆಲಸಕ್ಕಿದ್ದಾಗ ಹಿಮೋಗ್ಲೋಬಿನ್ ನೋಡುತ್ತಿದ್ದುದು ಸಾಹ್ಲಿ ಪೆಟ್ಟಿಗೆಯಲ್ಲಿ. ಬೆರಳ ತುದಿ ಚುಚ್ಚಿ, ಪಿಪೆಟ್ಟಿನಲ್ಲಿ ರಕ್ತ ಎಳೆದು, ಆಸಿಡ್ ಇರುವ ಗಾಜಿನ ಕೊಳವೆಗೆ ಬಿಟ್ಟರೆ ಅದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ಡಿಸ್ಟಿಲ್ಡ್ ವಾಟರನ್ನು ಹನಿಹನಿಯಾಗಿ ಹಾಕಿ ಕಲಕುತ್ತಾ, ಪಕ್ಕದ ಕಂದು ಗಾಜಿಗೆ ಬಣ್ಣ ಸರಿಹೊಂದುವವರೆಗೆ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಕೆಲವರದು ಒಂದಷ್ಟು ಹನಿ ಬೀಳುವಷ್ಟರಲ್ಲೇ ಹೊಂದಿಬಿಡುತ್ತಿತ್ತು. ಗೀಟು ನೋಡಿದರೆ ಏಳು, ಆರೂವರೆ. ಕಳೆ ಕೀಳುವ ಕೆಲಸ ಮುಗಿಸಿ ನಡೆದೇ ಬಂದ ಬಸುರಿಯರು ಅವರು. 'ಸುಸ್ತಾಗಲ್ವೇನಮ್ಮಾ' ಅಂದರೆ 'ಬಸುರೀಲಿ ಎಲ್ರಿಗೂ ಆಗೋದೇ ಅಲ್ವಾ ಸಿಸ್ಟರ್' ಅನ್ನುತ್ತಿದ್ದರು.

ಎಲ್ಲರಿಗೂ ಆಗುತ್ತದೆ ಅನ್ನುವುದು ಲೆಕ್ಕದಲ್ಲಿ ಅಷ್ಟೇನೂ ಸುಳ್ಳಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ರಕ್ತಹೀನತೆ ಇದೆ. ಬಸುರಿಗೆ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕು, ಏಳಕ್ಕಿಂತ ಕೆಳಗಿಳಿದರೆ ಜೀವಕ್ಕೇ ಸಂಚಕಾರ. ಎಲ್ಲ ಸುಸೂತ್ರವಾದ ಹೆರಿಗೆಯಲ್ಲೂ ಅರ್ಧ ಲೀಟರಿನ ತನಕ ರಕ್ತ ಹೋಗಬಹುದು. ತುಂಬಿದ ಮೈ ಅದನ್ನು ತಡೆದುಕೊಳ್ಳುತ್ತದೆ, ಬರಿದಾದ ಮೈ ತಡೆಯುವುದಿಲ್ಲ. ಬೆಂಗಳೂರಿನಲ್ಲಿ ಎಸಿ ಕೋಣೆಯಲ್ಲಿ ಕೂತು ಕೆಲಸ ಮಾಡುವವಳಿಗೆ ಇದೆಲ್ಲ ಯಾಕೆ ಅನ್ನಬೇಡ. ಬೆಳಗಿನ ತಿಂಡಿ ಬಿಟ್ಟು ಎರಡು ಕಾಫಿ ಕುಡಿಯುವ ನಿನ್ನ ಅಭ್ಯಾಸ ನನಗೆ ಗೊತ್ತಿದೆ. ಈಗಲೇ ಪರೀಕ್ಷೆ ಮಾಡಿಸು. 12ಕ್ಕಿಂತ ಕಡಿಮೆ ಇದ್ದರೆ ಡಾಕ್ಟರಿಗೆ ತೋರಿಸಿ ಸರಿಮಾಡಿಕೊಂಡೇ ಮುಂದಿನ ಮಾತು.

ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ನಿಂಬೆರಸದ ನೀರಿನ ಜೊತೆ ತೆಗೆದುಕೋ. ಹೊಟ್ಟೆ ತೊಳೆಸಿದರೆ ರಾತ್ರಿ ಊಟ ಆದ ಮೇಲೆ ತಗೊಂಡು ಮಲಗು. ಮಲ ಕಪ್ಪಗಾಗುತ್ತದೆ, ಹೆದರಬೇಡ. ಎಷ್ಟೋ ಜನ ಅದನ್ನು ಕಂಡೇ ಮಾತ್ರೆ ಬಿಸಾಕುತ್ತಾರೆ. ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಅದಕ್ಕೂ ಇದಕ್ಕೂ ಒಂದೆರಡು ಗಂಟೆ ಅಂತರವಿರಲಿ. ರಾಗಿ ಮುದ್ದೆ ಉಂಡರೆ ರಕ್ತ ಊರುತ್ತದೆ ಅನ್ನುತ್ತಾರಲ್ಲ, ರಾಗಿಯ ನಿಜವಾದ ಹೆಚ್ಚುಗಾರಿಕೆ ಕ್ಯಾಲ್ಸಿಯಂ. ನೂರು ಗ್ರಾಂನಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚಿದೆ. ಮೂಳೆಗೆ ಅದಿರಲಿ, ರಕ್ತಕ್ಕೆ ಮಾತ್ರೆ ಇರಲಿ.

ರಕ್ತಪರೀಕ್ಷೆಗೆ ಹೋದಾಗಲೇ ಥೈರಾಯ್ಡ್, ಸಕ್ಕರೆ ನೋಡಿಸು, ಬಿಪಿಯನ್ನೂ ಅಳೆಸಿಕೋ. ರುಬೆಲ್ಲಾ ಲಸಿಕೆ ಆಗಿದೆಯೋ ಇಲ್ಲವೋ ನಿನ್ನಮ್ಮನನ್ನು ಕೇಳು. ಆಗಿಲ್ಲದಿದ್ದರೆ ಈಗ ಹಾಕಿಸಿಕೊಂಡು ಒಂದು ತಿಂಗಳು ತಡೆಯಬೇಕು, ಬಸಿರಾದ ಮೇಲೆ ಆ ಲಸಿಕೆ ಹಾಕುವುದಿಲ್ಲ. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಚರ್ಮದ ಡಾಕ್ಟರಿಗೆ ಈ ವಿಷಯ ಮೊದಲು ತಿಳಿಸು. ಅದು ಹೊಟ್ಟೆಯಲ್ಲಿರುವ ಕೂಸಿಗೆ ಬಹಳ ಕೆಟ್ಟದ್ದು.

ಇಷ್ಟೂ ನಿನ್ನೊಬ್ಬಳ ತಲೆಗೇ ಕಟ್ಟಿದೆನಾ? ಅಳಿಯಂದಿರಿಗೂ ಕೆಲಸವಿದೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ. ಯುಗಾದಿಯ ಹೊತ್ತಿಗೆ ಸಿಗರೇಟು ಬಿಟ್ಟ ಫಲ ಸಿಗಬೇಕಾದರೆ ಸಂಕ್ರಾಂತಿಗೆ ಮುಂಚೆಯೇ ಬಿಡಬೇಕು. ಇಬ್ಬರೂ ತಲಸ್ಸೇಮಿಯಾ ಪರೀಕ್ಷೆ ಮಾಡಿಸಿಕೊಳ್ಳಿ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಆ ಕಾಯಿಲೆ ಬರುವ ಅಪಾಯ ನಾಲ್ಕರಲ್ಲಿ ಒಂದು ಪಾಲು. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ತಂದುಕೊಳ್ಳುವ ಮನೆಗಳಲ್ಲಿ ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು. ನಿನ್ನ ರಕ್ತ ನೆಗೆಟಿವ್, ಅಳಿಯಂದಿರದು ಪಾಸಿಟಿವ್ ಆಗಿದ್ದರೆ 28ನೇ ವಾರಕ್ಕೆ ಒಂದು ಆ್ಯಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು.

ಬಸಿರಾದ ಮೇಲೆ ಸಲಹೆ ಕೊಡುವವರಿಗೆ ಬರವಿಲ್ಲ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುವುದಿಲ್ಲ, ದುಡ್ಡು ಖರ್ಚಾಗುತ್ತದೆ ಅಷ್ಟೆ. ಹೊಟ್ಟೆಯ ಆಕಾರ ನೋಡಿ ಗಂಡೋ ಹೆಣ್ಣೋ ಹೇಳುವವರನ್ನು ನಕ್ಕು ಕಳಿಸು. ಸ್ಕ್ಯಾನಿಂಗಿನಲ್ಲಿ ಕೇಳುವುದಂತೂ 1994ರ ಕಾಯ್ದೆಯ ಪ್ರಕಾರ ಅಪರಾಧ.

ಹೆರಿಗೆಗೆ ನಿನ್ನ ಕಂಪನಿ 26 ವಾರ ಸಂಬಳದ ರಜೆ ಕೊಡಲೇಬೇಕು, 2017ರಿಂದ ಕಾನೂನೇ ಹಾಗಿದೆ. ನಿಮ್ಮ ಮನೆಗೆಲಸಕ್ಕೆ ಬರುವ ಹುಡುಗಿಗೆ ಆ ಭಾಗ್ಯವಿಲ್ಲ. ಅವಳೂ ಹೊಸದಾಗಿ ಮದುವೆಯಾದವಳು ಅಂದಿದ್ದೆ. ಬಸಿರಾದ ಕೂಡಲೇ ಆಶಾ ಕಾರ್ಯಕರ್ತೆಯ ಹತ್ತಿರ ತಾಯಿ ಕಾರ್ಡ್ ಮಾಡಿಸಿಕೊಳ್ಳಲು ಹೇಳು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರನ್ನು ಡಾಕ್ಟರು ಉಚಿತವಾಗಿ ನೋಡುತ್ತಾರೆ. ಅಂಗನವಾಡಿಯಲ್ಲಿ ಊಟ ಕೊಡುವ ಮಾತೃಪೂರ್ಣ ಯೋಜನೆಯ ಬಗ್ಗೆಯೂ ತಿಳಿಸು. ಮೊದಲ ಮಗುವಿಗೆ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ ಬರುತ್ತದೆ.

ಬಾಣಂತನದ ಮಾತನ್ನು ಗಂಡನ ಮನೆಯ ಅತ್ತೆಯವರ ಜೊತೆ ಈಗಲೇ ಆಡಿಕೋ, ಹೆತ್ತು ಸುಸ್ತಾದ ಮೇಲೆ ವಾದ ಮಾಡಲಾಗುವುದಿಲ್ಲ. ಎಣ್ಣೆನೀರು, ಸಬ್ಬಸಿಗೆ ಸೊಪ್ಪು, ಮೆಂತ್ಯದ ಹಿಟ್ಟು, ಹೊರಗಿನ ಜಂಜಾಟವಿಲ್ಲದ ಮೂರು ತಿಂಗಳು, ಇವೆಲ್ಲ ಇರಲಿ. ಬಾಣಂತಿಗೆ ನೀರು ಕೊಡಬಾರದು ಅನ್ನುವುದು ಮಾತ್ರ ಶುದ್ಧ ತಪ್ಪು. ಹಾಲೂಡಿಸುವವಳಿಗೆ ನೀರು ಹೆಚ್ಚೇ ಬೇಕು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಸಿಗೆ ಸಾಂಬ್ರಾಣಿ ಹೊಗೆಯೂ ಬೇಡ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಬೇಕು, ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು, ನಾಲಗೆಗೆ ಜೇನುತುಪ್ಪ ಸವರಬಾರದು. ಆರು ತಿಂಗಳು ಬರೀ ಎದೆಹಾಲು.

ಹೆತ್ತ ಮೇಲೆ ಸುಮ್ಮಸುಮ್ಮನೆ ಅಳು ಬರುವುದುಂಟು. ಎರಡು ವಾರವಾದರೂ ನಿಲ್ಲದಿದ್ದರೆ, ನಿದ್ದೆ ಹತ್ತದಿದ್ದರೆ, ಮಗುವನ್ನು ಕಂಡರೆ ಏನೂ ಅನ್ನಿಸದಿದ್ದರೆ, ಬಾಯಿಬಿಟ್ಟು ಹೇಳು. ಹಿಂದಿನವರು ಬಾಣಂತಿ ಸನ್ನಿ ಅಂದು ಬಾಗಿಲು ಹಾಕಿ ಕೂರಿಸುತ್ತಿದ್ದರು. ನಿಮ್ಮ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿಯನ್ನೂ ಕೂಸನ್ನೂ ಬೇರ್ಪಡಿಸದೆ ಚಿಕಿತ್ಸೆ ಕೊಡುವ ವಿಭಾಗವೇ 2009ರಿಂದ ಇದೆ. ಮನೆಯಿಂದಲೇ ಮಾತಾಡಬೇಕೆಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಕೇಳುತ್ತಾರೆ. ಈ ನಂಬರನ್ನು ಅಳಿಯಂದಿರ ಫೋನಿನಲ್ಲಿ ಹಾಕಿಡು, ಆಗ ನಿನಗೆ ಹುಡುಕುವ ಮನಸ್ಸೂ ಇರುವುದಿಲ್ಲ.

ಮುಂದಿನ ಸಲ ಊರಿಗೆ ಬರುವಾಗ ಇಬ್ಬರ ರಕ್ತಪರೀಕ್ಷೆಯ ಚೀಟಿಯನ್ನೂ ತೆಗೆದುಕೊಂಡು ಬಾ. ಅಳಿಯಂದಿರದು 'ಓ ಪಾಸಿಟಿವ್ ಇರಬೇಕು ಅತ್ತೆ' ಅನ್ನುವ ಬಾಯಿಮಾತು ನಡೆಯುವುದಿಲ್ಲ, ನನಗೆ ಚೀಟಿಯೇ ಬೇಕು.

ಇಂತಿ,
ನಿನ್ನ ಅತ್ತೆ