ಮುಂಬೈ–ಮಂಗಳೂರು: ವಿಮಾನದ ದೂರ ಎಷ್ಟು, ಹೊತ್ತು ಎಷ್ಟು?

ಮುಂಬೈಯಿಂದ ಮಂಗಳೂರಿಗೆ ಮೊದಲ ಸಲ ವಿಮಾನದ ಟಿಕೆಟ್ ತೆಗೆಯುವವರಿಗೆ ಒಂದು ಸಂದೇಹ ಸಹಜ. ಗಂಟೆಗೆ ಸುಮಾರು 800 ಕಿ.ಮೀ. ಹಾರುವ ವಿಮಾನಕ್ಕೆ ಒಂದೂವರೆ ಗಂಟೆ ಯಾಕೆ ಬೇಕು? ಇದನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಮೊದಲು ದೂರ. ರಸ್ತೆಯಲ್ಲಿ ಹೋದರೆ ಸುಮಾರು 900 ಕಿ.ಮೀ. ವಿಮಾನದ ದೂರವೆಂದರೆ ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ಗೆರೆ. ಅದನ್ನು ನೀವೇ ಲೆಕ್ಕ ಹಾಕಬಹುದು. ಮುಂಬೈ ನಿಲ್ದಾಣ 19.1 ಡಿಗ್ರಿ ಅಕ್ಷಾಂಶದಲ್ಲಿದೆ, ಮಂಗಳೂರಿನ ಬಜ್ಪೆ ನಿಲ್ದಾಣ 13 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದರೆ ದಕ್ಷಿಣಕ್ಕೆ 677 ಕಿ.ಮೀ. ಆಯಿತು. ರೇಖಾಂಶದ ವ್ಯತ್ಯಾಸ 2 ಡಿಗ್ರಿ; ನಮ್ಮ ಭಾಗದಲ್ಲಿ ಡಿಗ್ರಿಗೆ ಸುಮಾರು 107ರಂತೆ ಪೂರ್ವಕ್ಕೆ 214 ಕಿ.ಮೀ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಬಳಸಿದರೆ ಉತ್ತರ ಸುಮಾರು 710 ಕಿ.ಮೀ. ಬೆಂಗಳೂರಿಗೆ ಇದೇ ರೀತಿ ಹಾಕಿದರೆ ಸುಮಾರು 830 ಬರುತ್ತದೆ.

ಈಗ ಹೊತ್ತು. 710ನ್ನು 800ರಿಂದ ಭಾಗಿಸಿದರೆ ಸಿಗುವುದು 53 ನಿಮಿಷ. ಆದರೆ ಟಿಕೆಟ್ಟಿನಲ್ಲಿರುವುದು ಬರೀ ಹಾರುವ ಹೊತ್ತಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇಳಿದು ಮತ್ತೆ ನಿಲ್ಲುವವರೆಗಿನ ಸಮಯ ಅದು. ಮುಂಬೈಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಎರಡನ್ನೂ ಒಟ್ಟಿಗೆ ಪೂರ್ತಿಯಾಗಿ ಬಳಸಲಾಗದು. ಹಾಗಾಗಿ ವಿಮಾನಗಳು ಸರದಿಯಲ್ಲಿ ಕಾಯುತ್ತವೆ. ಗಾಳಿಗೆದುರಾಗಿ ಏರಬೇಕಾದ್ದರಿಂದ ಹೆಚ್ಚಾಗಿ ಪಶ್ಚಿಮಕ್ಕೆ, ಸಮುದ್ರದ ಕಡೆ ಹಾರಿ, ಆಮೇಲೆ ದಕ್ಷಿಣಕ್ಕೆ ತಿರುಗುತ್ತವೆ. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ. ಮಳೆಗಾಲದಲ್ಲಿ ಮೋಡ ಕವಿದು ರನ್‌ವೇ ಕಾಣದಿದ್ದರೆ ವಿಮಾನ ಮೇಲೆಯೇ ಸುತ್ತು ಹಾಕುತ್ತದೆ, ಇಲ್ಲವೇ ಬೇರೆ ಊರಿನಲ್ಲಿ ಇಳಿಯುತ್ತದೆ.

ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಚಳಿಗಾಲದಲ್ಲಿ ಮೇಲೆ ಪಶ್ಚಿಮದಿಂದ ಬೀಸುವ ಬಿರುಗಾಳಿ ಕೋಲ್ಕತ್ತಾಕ್ಕೆ ಹೋಗುವ ವಿಮಾನವನ್ನು ಮುಂದೆ ತಳ್ಳುತ್ತದೆ, ಬರುವಾಗ ತಡೆಯುತ್ತದೆ. ಮಂಗಳೂರಿನ ದಾರಿ ಉತ್ತರ–ದಕ್ಷಿಣವಾದ್ದರಿಂದ ಹೋಗಿಬರುವ ಸಮಯದಲ್ಲಿ ಅಷ್ಟು ವ್ಯತ್ಯಾಸವಿಲ್ಲ.

ಕೊನೆಯದು ನಿಮ್ಮ ಮನೆಯಿಂದ ಹಿಡಿಯುವ ಹೊತ್ತು. ಇದೇ ಎಲ್ಲಕ್ಕಿಂತ ಮುಖ್ಯ. ವಿಮಾನ ಸಾಂತಾಕ್ರೂಜ್ ಬದಿಯ ಟರ್ಮಿನಲ್ 1ರಿಂದಲೋ (ಟಿ1), ಸಹಾರ್‌ನ ಟಿ2ರಿಂದಲೋ, 2025ರಲ್ಲಿ ಉದ್ಘಾಟನೆಯಾದ ನವಿ ಮುಂಬೈ ನಿಲ್ದಾಣದಿಂದಲೋ ಎಂದು ಮೊದಲೇ ನೋಡಿಕೊಳ್ಳಿ. ಚೆಕ್‌-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಡೊಂಬಿವಲಿಯಿಂದಲೋ ವಿರಾರ್‌ನಿಂದಲೋ ಹೊರಡುವ ಹಿರಿಯರು ಎರಡು ಗಂಟೆ ಮೊದಲೇ ನಿಲ್ದಾಣದಲ್ಲಿರುವಂತೆ ಮನೆ ಬಿಡಬೇಕು. ಬಜ್ಪೆಯಲ್ಲಿ ಇಳಿದ ಮೇಲೆ ಉಡುಪಿಗೆ ಇನ್ನೂ ಒಂದೂವರೆ ಗಂಟೆಯ ದಾರಿ. ಇವೆಲ್ಲ ಕೂಡಿದರೆ ಆರೇಳು ಗಂಟೆ. ಊರಿನ ಮದುವೆಗೋ ಆಸ್ಪತ್ರೆಗೋ ಹೊರಡುವವರು ಈ ಮೊತ್ತವನ್ನೇ ಹಿಡಿದು ಟಿಕೆಟ್ ತೆಗೆಯಲಿ.