ಆಡಿಷನ್‌ಗೆ ಹೊರಟವರಿಗೆ

ನಟನೆ, ರಂಗಶಿಕ್ಷಣ ಕುರಿತ ಓದುಗರ ಪ್ರಶ್ನೆಗಳಿಗೆ ರಂಗನಿರ್ದೇಶಕರ ಉತ್ತರ

ಪ್ರಶ್ನೆ: ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕಬೇಕೆಂದಿದ್ದೇನೆ. ಆಯ್ಕೆಯ ದಿನ ಯಾವ ನಾಟಕದ ಮಾತು ಮಾಡಿ ತೋರಿಸಲಿ? ನನ್ನ ಕನ್ನಡ ಪೂರಾ ನಮ್ಮ ಕಡೆಯದು. ಕಾಲೇಜಿನಲ್ಲಿ ಕೆಲವರು ಅದನ್ನು ಕೇಳಿ ನಗುತ್ತಿದ್ದರು. ಮೊದಲು ತಿದ್ದಿಕೊಳ್ಳಬೇಕೇ?
– ಓದುಗರು, ಹಾವೇರಿ

ಉತ್ತರ: ಖಂಡಿತ ಬೇಡ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯ ಗೌಡ್ತಿಯ ಮಾತು ಹಳೆ ಮೈಸೂರಿನ ಕಡೆಯವರ ನಾಲಿಗೆಗೆ ಒಗ್ಗಬೇಕಾದರೆ ತಿಂಗಳುಗಟ್ಟಲೆ ಬೇಕು. ನಿಮಗೆ ಅದು ಮನೆಮಾತಿಗೆ ತೀರಾ ಹತ್ತಿರ. ಅದನ್ನೇ ಮೊದಲು ಮಾಡಿ. ಎರಡನೆಯದಕ್ಕೆ ಬೇರೆ ಬಗೆಯ ಕನ್ನಡವಿರಲಿ. ಗಿರೀಶ ಕಾರ್ನಾಡರ ‘ಹಯವದನ’ದ ಪದ್ಮಿನಿ ಒಳ್ಳೆಯ ಆಯ್ಕೆ.

ಕಾಳಿಯ ಗುಡಿಯ ದೃಶ್ಯವನ್ನೇ ನೋಡಿ. ಗಾಡಿಯಲ್ಲಿ ಕಾದು ಕಾದು ಬೇಸತ್ತ ಪದ್ಮಿನಿ ಗಂಡ ದೇವದತ್ತ, ಅವನ ಗೆಳೆಯ ಕಪಿಲರನ್ನು ಹುಡುಕುತ್ತ ಬರುತ್ತಾಳೆ. ಕತ್ತಲು. ಬಾಯಲ್ಲಿ ಗೊಣಗಾಟ. ಆಗ ಹೆಣಗಳನ್ನು ಎಡವುತ್ತಾಳೆ. ಅನೇಕರು ಮೊದಲ ಸಾಲಿನಿಂದಲೇ ಅಳಲು ಶುರುಮಾಡಿ ಈ ದೃಶ್ಯವನ್ನು ಕೆಡಿಸುತ್ತಾರೆ. ಮುಂದೇನಾಗಲಿದೆ ಎಂಬುದು ನಟಿಗೆ ಗೊತ್ತು, ಪದ್ಮಿನಿಗೆ ಗೊತ್ತಿಲ್ಲ. ಸಿಟ್ಟು ನಿಜವಾಗಿದ್ದರೆ ಮಾತ್ರ ಕಾಲು ಎಡವಿದ ಕ್ಷಣ ನೋಡುವವರ ಎದೆ ಝಲ್ಲೆನ್ನುತ್ತದೆ. ಆದ್ದರಿಂದ ಪ್ರತಿ ಸಾಲಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದೊಂದು ಕ್ರಿಯೆ ಬರೆದುಕೊಳ್ಳಿ: ಬಯ್ಯುತ್ತಾಳೆ, ಕರೆಯುತ್ತಾಳೆ, ಹುಡುಕುತ್ತಾಳೆ, ಬೇಡುತ್ತಾಳೆ. ‘ದುಃಖ’, ‘ಕೋಪ’ ಎಂದು ಭಾವದ ಹೆಸರು ಬರೆದರೆ ಮುಖ ಗಂಟಿಕ್ಕುತ್ತದೆಯೇ ಹೊರತು ನಟನೆ ಹುಟ್ಟುವುದಿಲ್ಲ.

ನಾಟಕವನ್ನು ಪೂರ್ತಿ ಓದಿ. ಈ ಮಾತಿಗೆ ಮುಂಚೆ ಏನು ನಡೆದಿದೆ ಎಂದು ಆಯ್ಕೆ ಮಾಡುವವರು ಕೇಳಬಹುದು. ಅದೇ ಮಾತನ್ನು ಕುಳಿತು ಹೇಳಿ, ಪಿಸುದನಿಯಲ್ಲಿ ಹೇಳಿ ಎನ್ನಲೂಬಹುದು. ಮೊದಲು ಮಾಡಿದ್ದು ಕೆಟ್ಟಿತೆಂದು ಅಂಜಬೇಡಿ. 1980ರಲ್ಲಿ ಶುರುವಾದ ಆ ಕೇಂದ್ರ ಒಂದು ವರ್ಷ ಒಟ್ಟಿಗೆ ಇದ್ದು ಕಲಿಯುವ ಜಾಗ. ಹೇಳಿದ್ದನ್ನು ಕೇಳಿಸಿಕೊಂಡು ತಕ್ಷಣ ಬದಲಾಯಿಸಬಲ್ಲವರು ಅಲ್ಲಿಗೆ ಬೇಕು. ಹಾಗಾಗಿ ಮನೆಯಲ್ಲೇ ಒಂದೇ ಮಾತನ್ನು ನಾಲ್ಕಾರು ಬಗೆಯಲ್ಲಿ ಆಡಿ ರೂಢಿ ಮಾಡಿಕೊಳ್ಳಿ.

ಪ್ರಶ್ನೆ: ಹವ್ಯಾಸಿ ತಂಡದಲ್ಲಿ ನಟಿಸುತ್ತೇನೆ. ಧಾರಾವಾಹಿಗಳಿಗೆ ಮೊಬೈಲಿನಲ್ಲಿ ಆಡಿಷನ್ ವಿಡಿಯೊ ಮಾಡಿ ಕಳಿಸುತ್ತಿದ್ದೇನೆ. ಉತ್ತರವೇ ಬರುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರು, ಬೆಂಗಳೂರು

ಉತ್ತರ: ಮೊದಲು ಅವರ ಸೂಚನೆಯನ್ನು ಅಕ್ಷರಶಃ ಪಾಲಿಸಿ. ಬೇರೇನೂ ಹೇಳಿರದಿದ್ದರೆ ಮೊಬೈಲನ್ನು ಅಡ್ಡಲಾಗಿಡಿ. ಕಿಟಕಿ ನಿಮ್ಮ ಎದುರಿಗಿರಲಿ, ಬೆನ್ನ ಹಿಂದೆ ಖಾಲಿ ಗೋಡೆಯಿರಲಿ. ಫ್ಯಾನ್ ಆರಿಸಿ. ಎದುರು ಪಾತ್ರದ ಮಾತನ್ನು ಓದಲು ಒಬ್ಬರನ್ನು ಕ್ಯಾಮೆರಾದ ಪಕ್ಕದಲ್ಲೇ ನಿಲ್ಲಿಸಿ, ಅವರನ್ನು ನೋಡಿ ಮಾತಾಡಿ. ಅವರು ತುಸು ಮೆಲ್ಲಗೆ ಓದಲಿ, ಇಲ್ಲವಾದರೆ ಅವರ ದನಿಯೇ ಮುಂದಾಗುತ್ತದೆ.

ರಂಗಭೂಮಿಯವರಿಗೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ತಲುಪುವಂತೆ ಹುಬ್ಬು, ಕೈ, ದನಿ ಎತ್ತುವುದು ಅಭ್ಯಾಸ. ಕ್ಲೋಸಪ್‌ನಲ್ಲಿ ಅಷ್ಟು ಬೇಕಿಲ್ಲ. ಎದುರಿನವರು ಮಾತಾಡುವಾಗ ನೀವು ಹೇಗೆ ಕೇಳುತ್ತೀರಿ ಎಂಬುದು ಅಲ್ಲಿ ಎದ್ದು ಕಾಣುತ್ತದೆ. ಕಳಿಸುವ ಮುಂಚೆ ಸದ್ದು ಆಫ್ ಮಾಡಿ ನಿಮ್ಮ ವಿಡಿಯೊ ನೋಡಿ. ನೀವು ಕೇಳಿಸಿಕೊಳ್ಳುತ್ತಿದ್ದೀರೋ, ನಿಮ್ಮ ಸರದಿಗಾಗಿ ಸುಮ್ಮನೆ ಕಾಯುತ್ತಿದ್ದೀರೋ ಎಂಬುದು ಆಗ ನಿಮಗೇ ಗೊತ್ತಾಗುತ್ತದೆ.

ಉತ್ತರ ಬಾರದಿದ್ದರೆ ಮನಸ್ಸು ಕೆಡಿಸಿಕೊಳ್ಳಬೇಡಿ. ನಾಯಕಿಯ ಎತ್ತರಕ್ಕೆ ಹೊಂದುವ ಅಣ್ಣ ಬೇಕು, ತಂದೆಯ ಪಾತ್ರಧಾರಿಯ ಚಹರೆ ಹೋಲುವ ಮಗ ಬೇಕು ಎಂಬ ಕಾರಣಗಳಿಗೂ ಆಯ್ಕೆ ತಪ್ಪುತ್ತದೆ. ಅದಕ್ಕೂ ನಿಮ್ಮ ನಟನೆಗೂ ಸಂಬಂಧವಿಲ್ಲ.

ಪ್ರಶ್ನೆ: ನನ್ನ ಹತ್ತು ವರ್ಷದ ಮಗಳು ಆಡಿಷನ್‌ನಲ್ಲಿ ಆಯ್ಕೆಯಾಗಿದ್ದಾಳೆ, ಪೋರ್ಟ್‌ಫೋಲಿಯೊ ಮಾಡಿಸಲು 25,000 ರೂಪಾಯಿ ಕಟ್ಟಿ ಎಂದು ಫೋನ್ ಬಂದಿದೆ. ಕಟ್ಟಲೇ?
– ಓದುಗರು, ತುಮಕೂರು

ಉತ್ತರ: ದಯವಿಟ್ಟು ಕಟ್ಟಬೇಡಿ. ಪಾತ್ರ ಕೊಟ್ಟವರು ನಿಮಗೆ ಸಂಭಾವನೆ ಕೊಡಬೇಕು, ನಿಮ್ಮಿಂದ ದುಡ್ಡು ಕೇಳುವಂತಿಲ್ಲ. ಅವರು ಯಾವ ವಾಹಿನಿಯ ಹೆಸರು ಹೇಳಿದರೋ ಆ ವಾಹಿನಿಯ ಕಚೇರಿಯಲ್ಲೇ ನೇರವಾಗಿ ವಿಚಾರಿಸಿ. ಈಗಾಗಲೇ ಆನ್‌ಲೈನ್‌ನಲ್ಲಿ ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಿಜವಾದ ಅವಕಾಶ ಬಂದಾಗಲೂ ಕಾನೂನು ತಿಳಿದಿರಲಿ. 2017ರ ಬಾಲಕಾರ್ಮಿಕ ನಿಯಮಗಳ ತಿದ್ದುಪಡಿಯ ಪ್ರಕಾರ ಮಕ್ಕಳನ್ನು ಚಿತ್ರೀಕರಣದಲ್ಲಿ ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಪಡೆಯಬೇಕು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ಅವಳ ಹೆಸರಿನಲ್ಲೇ ನಿಶ್ಚಿತ ಠೇವಣಿ ಇಡಬೇಕು. ಮುಂದಿನ ಸಲ ಯಾರೇ ಕರೆದರೂ ಮೊದಲು ಆ ಅನುಮತಿಪತ್ರ ಕೇಳಿ. ಅದನ್ನು ಕಣ್ಣಾರೆ ನೋಡಿದ ಮೇಲೆಯೇ ಮಗಳ ಕೈಹಿಡಿದು ನೀವೇ ಜೊತೆಯಲ್ಲಿ ಹೋಗಿ.